ಜಗಲಿಯ ಮೇಲಿನ ಗುಳಿಗೆ

ದರಿಬಡಚಿ ಎಂಬ ಹಳ್ಳಿಯ ನನ್ನ ಮಾಮಾನ ಮನೆಯಲ್ಲಿ ದೇವರ ಜಗಲಿಯೆಂದರೆ ಅಡುಗೆಮನೆಯ ಮೂಲೆಯ ಒಂದು ಮಣ್ಣಿನ ಕಟ್ಟೆ. ಸೆಗಣಿ ಸಾರಿಸಿದ್ದು, ವರ್ಷಗಟ್ಟಲೆ ಭಂಡಾರದ ಅರಿಶಿನ ಬಿದ್ದು ಹಳದಿಯಾದದ್ದು. ಹಾಗೆಂದು ನನ್ನ ನೆನಪು. ವಿದ್ಯಾಪೀಠದಲ್ಲಿ ಇತಿಹಾಸ ಓದುವಾಗ ಯಾವ ಸಾಕ್ಷಿಯನ್ನೂ ಸುಲಭಕ್ಕೆ ನಂಬಬಾರದೆಂದು ಕಲಿತೆ ನೋಡು ಗೆಳೆಯಾ, ಅಂದಿನಿಂದ ನನ್ನದೇ ಬಾಲ್ಯ ಕಣ್ಣೆದುರು ಬಂದರೂ ‘ನಿನ್ನನ್ನು ಕಂಡವರು ಯಾರು?’ ಎಂದು ಕೇಳುವ ಚಟ ಅಂಟಿಕೊಂಡಿದೆ. ಚಟದ ವಿಷಯದಲ್ಲಿ ನಾನು ಮಾಮಾನಿಗಿಂತ ಏನೂ ಕಡಿಮೆಯಿಲ್ಲ.

ಮಾಮಾ ಕುರಿ ಕಾಯುವವ. ರಜೆಗೆ ಹೋದಾಗ ಆಗತಾನೇ ಹುಟ್ಟಿದ ಮರಿಯನ್ನು ನನ್ನ ತೊಡೆಯ ಮೇಲಿಟ್ಟು, ಅದು ನಡುಗಿದರೆ ನನ್ನನ್ನೇ ಗದರಿಸುತ್ತಿದ್ದ. ಸಂತೆಯ ದಿನ ಮಾತ್ರ ಕುಡಿದು ಬರುತ್ತಿದ್ದ. ಬಾಯಿಗೆ ದಾರು ತಗುಲಿದವರು ಮರುದಿನ ಮೈ ತೊಳೆಯುವ ತನಕ ಜಗಲಿ ಮುಟ್ಟಬಾರದೆಂಬುದು ಆ ಮನೆಯ ನೇಮ. ಹಾಗಾಗಿ ಹೊಸ್ತಿಲಾಚೆಯೇ ನಿಂತು ಕೈ ಮುಗಿದು, “ಯಪ್ಪಾ ಬೀರಪ್ಪಾ, ಇವತ್ತ ನಾ ಮೈಲಗಿ ಅದೀನಿ, ಕುರಿ ನೀನ ನೋಡ್ಕೋ” ಎನ್ನುತ್ತಿದ್ದ. ಮಕ್ಕಳು ನಾವು ಬಿದ್ದು ಬಿದ್ದು ನಗುತ್ತಿದ್ದೆವು. ಊರು ಬಿಟ್ಟ ಮೇಲೆ ಎಷ್ಟೋ ಸಂಜೆ ಆ ಚಿತ್ರವನ್ನು ತೆಗೆದು ನೋಡಿ ಬೆಚ್ಚಗಾಗಿದ್ದೇನೆ.

ನಡುವಯಸ್ಸಿನಲ್ಲಿ ಮಾಮಾನ ರಕ್ತದಲ್ಲಿ ಎಚ್‌ಐವಿ ಕಂಡಿತು. ಹೇಗೆ ಬಂತೆಂದು ಯಾರೂ ಕೇಳಲಿಲ್ಲ. ಪ್ರಶ್ನೆ ಕೇಳುವುದೇ ಕಸುಬಾದ ನಾನೂ ಕೇಳಲಿಲ್ಲ. ಅತ್ತೆಯ ತಪಾಸಣೆಯಲ್ಲಿ ಏನೂ ಇರಲಿಲ್ಲ. ತಾಲೂಕಿನ ದವಾಖಾನೆಯಲ್ಲಿ ಗುಳಿಗೆ ಕೊಟ್ಟು, ದಿನಾ ಸಂಜೆ ಉಂಡ ಮೇಲೆ ತಪ್ಪದೆ ನುಂಗಬೇಕೆಂದರು. ಅತ್ತೆ ಆ ಡಬ್ಬಿಯನ್ನು ಜಗಲಿಯ ಮೇಲಿಟ್ಟಳು. ಬಂದುಹೋಗುವವರ ಕೈ ಅಲ್ಲಿಗೆ ಹೋಗುವುದಿಲ್ಲ; ಜೀವ ಉಳಿಸುವ ವಸ್ತುವಿಗೆ ಅದಕ್ಕಿಂತ ಒಳ್ಳೆಯ ಜಾಗವಾದರೂ ಯಾವುದು?

ಮೊದಮೊದಲು ಮಾಮಾ ಮೈದುಂಬಿಕೊಂಡ. ಆಮೇಲೆ ಸಂತೆಯಿಲ್ಲದ ದಿನವೂ ಕುಡಿತ ಸುರುವಾಯಿತು. ಮತ್ತೆ ಇಳಿದುಹೋದ. ವೈರಸ್ ಏರಿದೆಯೆಂದು ತಪಾಸಣೆ ಹೇಳಿದಾಗ ನಾನು ಊರಲ್ಲಿದ್ದೆ; ಮೂವರೂ ದವಾಖಾನೆಗೆ ಹೋದೆವು. ರೋಗಿಗಳಿಗೆ ತಿಳಿಹೇಳುವ ಮ್ಯಾಡಮ್ ಎದುರಿಗೆ ಕೂರಿಸಿಕೊಂಡರು.

“ಕಾಕಾ, ಗುಳಿಗಿ ತಪ್ಪಸ್ತೀರೇನು?”

“ಎಲ್ಲೀದ್ರಿ ಅಕ್ಕಾರ! ದೇವರ ಜಗಲಿ ಮ್ಯಾಲ ಇಟ್ಟೀನಿ,” ಎಂದ ಮಾಮಾ, ಪ್ರಶ್ನೆ ಅಲ್ಲಿಗೇ ಮುಗಿಯಿತೆಂಬಂತೆ.

“ಕುಡದ ದಿನಾ?”

ಅತ್ತೆಯೇ ಹೆಮ್ಮೆಯಿಂದ ಮುಂದೆ ಬಂದಳು. “ಛೇ ಛೇ, ಅಂಥಾ ಮನಿಷ್ಯಾ ಅಲ್ರಿ ಇವ್ರು. ಕುಡದ ಬಾಯಿಲೆ ಜಗಲಿಗೆ ಕೈ ಹಚ್ಚೂದಿಲ್ಲ. ಅದೊಂದು ನೇಮಾ ಇವತ್ತಿಗೂ ಮುರದಿಲ್ಲ.”

ಮ್ಯಾಡಮ್ ಇಬ್ಬರನ್ನೂ ನೋಡಿದರು. “ಅಂದ್ರ ದೇವರಿಗೆ ಅಂಜಿ ಗುಳಿಗಿ ಬಿಟ್ಟೀರಿ, ದಾರು ಬಿಡಲಿಲ್ಲ!”

ಮಾಮಾನಿಗೇ ನಗು ಬಂತು. ತಡೆದುಕೊಂಡು ಕೇಳಿದ: “ಎರಡೂ ಕೂಡಿದ್ರ ವಿಷ ಆಗತೈತಿ ಅಂತಾರಲ್ರಿ ಮಂದಿ?”

“ಮಂದಿ ಅಂತಾರ. ದಾರು ಬಿಡೂದು ಬೇಕ ಬೇಕು, ಅದಕ್ಕೂ ದಾರಿ ಹುಡುಕೂಣು. ಆದ್ರ ಅದನ್ನ ಬಿಡೂತನಕಾ ಗುಳಿಗಿ ಬಿಟ್ರ, ಬಿಡಾಕ ನೀವ ಉಳಿಯೂದಿಲ್ಲ ಕಾಕಾ. ಕುಡದ ದಿನಾನೂ ನುಂಗ್ರಿ.”

ಬಸ್ಸಿನಲ್ಲಿ ನಾನು ಕಿಟಕಿಯಾಚೆ ನೋಡುತ್ತ ಕುಳಿತೆ. ಅಷ್ಟು ವರ್ಷ ಪ್ರೀತಿಯಿಂದ ಸವರಿ ಇಟ್ಟುಕೊಂಡಿದ್ದ ಆ ಚಿತ್ರದಲ್ಲೇ, ಹೊಸ್ತಿಲಾಚೆ ಕೈ ಮುಗಿದು ನಿಂತ ಆ ಮನುಷ್ಯನ ಭಕ್ತಿಯಲ್ಲೇ, ಅವನನ್ನು ತಿನ್ನುವ ಹುಳು ಕುಳಿತಿತ್ತು. ನೆನಪು ನಮಗೆ ಬೇಕಾದಷ್ಟನ್ನು ಮಾತ್ರ ಬೆಳಗಿಸಿ, ಉಳಿದದ್ದನ್ನು ಕತ್ತಲೆಯಲ್ಲಿ ಬಿಡುತ್ತದೆಯೇನೋ.

ಮನೆಗೆ ಬಂದವಳೇ ಅತ್ತೆ ಕೈಕಾಲು ತೊಳೆದು, ಡಬ್ಬಿಯನ್ನು ಜಗಲಿಯಿಂದಿಳಿಸಿ ರೊಟ್ಟಿ ಬುಟ್ಟಿಯಲ್ಲಿಟ್ಟಳು.

“ದೇವರ ಹತ್ತೇಕಿಂದ ತಗದ್ಯಾ?” ಮಾಮಾ ಗಾಬರಿಯಾದ.

“ಅಲ್ಲಿಗಿ ನೀವ ಬರೂದಿಲ್ಲಲ್ಲ. ಕುಡದ್ರೂ ರೊಟ್ಟಿಗಿ ಬರ್ತೀರಿ.”

ಮುಂದಿನ ಸಂತೆಯ ಸಂಜೆ ನನಗೆ ಸ್ಪಷ್ಟವಾಗಿ ನೆನಪಿದೆ: ಮಾಮಾ ಕುಡಿದು ಬಂದ, ಅತ್ತೆ ಬುಟ್ಟಿಯ ಅರಿವೆ ಸರಿಸಿದಳು, ಅವನು ಮಗುವಿನಂತೆ ಕೈ ತೊಳೆದು, ಉಂಡು, ಗುಳಿಗೆ ನುಂಗಿದ. ಮೊನ್ನೆ ಊರಿಗೆ ಹೋದಾಗ ಊಟದ ಹೊತ್ತಿನಲ್ಲಿ ಇದನ್ನೇ ಮಾಮಾನೆದುರು ತುಂಬಿದ ಮನಸ್ಸಿನಿಂದ ಹೇಳಿದೆ. ಈಗಲೂ ಅವನು ಕುಡಿತ ಪೂರ್ತಿ ಬಿಟ್ಟಿಲ್ಲ, ಆದರೆ ಅದು ಬಹಳ ಇಳಿದಿದೆ. ಗುಳಿಗೆ ತಪ್ಪಿಲ್ಲ, ವೈರಸ್ ಹಿಡಿತಕ್ಕೆ ಬಂದಿದೆ. ರೊಟ್ಟಿ ಮುರಿಯುತ್ತಿದ್ದ ಮಾಮಾ ಕೈ ನಿಲ್ಲಿಸಿದ.

“ಅಳ್ಯಾ, ನೀ ಎಲ್ಲಿದ್ದಿ ಅವತ್ತ? ಮುಂಜಾನಿ ಬಸ್ಸಿಗೇ ಸಾಂಗ್ಲಿಗೆ ಹೋಗಿದ್ದಿ. ಮತ್ತ ನಾ ಎಲ್ಲಿ ನುಂಗಿನಿ? ಬುಟ್ಟಿ ಒದ್ದು ಮಲಕೊಂಡ್ನಿ. ನಿಮ್ಮತ್ತಿ ಗುಳಿಗಿ ಆರಿಸಿ ತಂದು ಬಾಯಾಗ ತುರಕಿದ್ಲು.”

“ಒದ್ದಿಲ್ಲ,” ಎಂದಳು ಅತ್ತೆ ಒಲೆಯ ಮುಂದಿನಿಂದ. “ಎಡವಿದ್ರಿ.”

“ಒದ್ದೀನಿ ಅಂದ್ರ ಒದ್ದೀನಿ! ನನ್ನ ಕಾಲು, ನನಗ ಗೊತ್ತಿಲ್ಲೇನು?”

ನನ್ನ ಸ್ಪಷ್ಟ ನೆನಪು ಹೀಗೆ ಸುಳ್ಳಾಯಿತು. ಸುಳ್ಳು ಎನ್ನಲು ಅವನಿದ್ದಾನೆ, ಗೆಳೆಯಾ. ಬಾಯಿ ತುಂಬ ರೊಟ್ಟಿಯಿಟ್ಟುಕೊಂಡು ಹೆಂಡತಿಯೊಡನೆ ವಾದಿಸುತ್ತಿದ್ದಾನೆ. ಆ ವಾದ ಮುಗಿಯದಿರಲೆಂದು ನಾನೇ ಮತ್ತೊಮ್ಮೆ ಕೆಣಕಿದೆ: “ಹೌದು ಮಾಮಾ, ಅತ್ತಿ ಅನ್ನೂದ ಖರೆ ಅನಸ್ತೈತಿ ನನಗೂ.”