ಮುಚ್ಚಳದೊಳಗಿನ ಚೀಟಿ

ಕೃತಕ ಹಲ್ಲು ತಯಾರಿಸುವ ಆ ಲ್ಯಾಬಿನಲ್ಲಿ ಅವಳನ್ನು ಎಲ್ಲರೂ ದವಡೆ ಅಕ್ಕ ಅನ್ನುತ್ತಿದ್ದರು. ಹೆಸರಿಟ್ಟವರು ಬೇರೆ ಯಾರೂ ಅಲ್ಲ, ಅವಳೇ. ಹನ್ನೊಂದು ವರ್ಷದ ಹಿಂದೆ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಅವಳು ಮೇಣದಲ್ಲಿ ಕೂರಿಸಿದ ಹಲ್ಲುಗಳನ್ನು ಯಜಮಾನರು ಬೆಳಕಿಗೆ ಹಿಡಿದು, "ನಿನ್ನ ಕೈ ದವಡೆಗೆ ಹೇಳಿ ಮಾಡಿಸಿದ ಹಾಗಿದೆ" ಎಂದಿದ್ದರು. ಹೊಗಳಿದರೋ ತೆಗಳಿದರೋ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ. ಕೇಳದೆ ಉಳಿದ ಮಾತಿಗೆ ಅವಳೇ ಅರ್ಥ ಹಚ್ಚಿಕೊಂಡಳು: ಮುಂದಿನ ಹಲ್ಲು ನಿನ್ನಿಂದಾಗದು, ನಕ್ಕಾಗ ನಾಲ್ಕು ಜನರಿಗೆ ಕಾಣುವಂಥದ್ದು ನಿನ್ನ ಕೈಗೆ ಸಲ್ಲದು. ಅಂದಿನಿಂದ ಯಾರಾದರೂ ಮುಂದಿನ ಹಲ್ಲಿನ ಕೆಲಸ ತಂದರೆ, "ಅಯ್ಯೋ, ನಾನು ದವಡೆಯವಳಪ್ಪಾ" ಎಂದು ನಕ್ಕು ಪಕ್ಕಕ್ಕೆ ಸರಿಸುತ್ತಿದ್ದಳು. ನಗುವುದು ಬಾಯಿ ಮಾತ್ರ.

ಅವಳ ತಲೆಯೊಳಗೆ ಒಂದು ದನಿ ಬೆಳಗಿಂದ ಸಂಜೆವರೆಗೆ ವಟಗುಟ್ಟುತ್ತಿತ್ತು. ಮೇಣ ಸ್ವಲ್ಪ ಹೆಚ್ಚು ಕರಗಿದರೆ, "ಮಂಕೇ, ಕಣ್ಣು ಎಲ್ಲಿಟ್ಟಿದ್ದೀಯ?" ಚಾಕು ಜಾರಿದರೆ, "ಮೊಂಡುಗೈ, ಮೊಂಡುಗೈ." ಅಡುಗೆಮನೆಯಲ್ಲಿ ಹಾಲು ಉಕ್ಕಿದರೂ ಅದೇ ಮಂಗಳಾರತಿ. ಒಮ್ಮೆ ಆರು ವರ್ಷದ ಮಗಳು ಬಾಗಿಲಲ್ಲಿ ನಿಂತು ಕೇಳಿದ್ದಳು: "ಅಮ್ಮ, ಯಾರಿಗೆ ಬೈತಿದೀಯ?"

"ಯಾರಿಗೂ ಇಲ್ಲ ಪುಟ್ಟಿ."

"ಮತ್ತೆ ಮಂಕೇ ಅಂದ್ಯಲ್ಲ. ಇಲ್ಲಿ ನಾನೊಬ್ಬಳೇ ಇರೋದು."

ಆ ಮಾತು ಎದೆಗೆ ಚುಚ್ಚಿತು. ಅಂದು ಮಗಳಿಗೆ ಎರಡು ಸಲ ತಲೆ ಬಾಚಿದಳು, ಸಮಾಧಾನವಾಗಲಿಲ್ಲ. ಮರುದಿನ ದನಿ ಮತ್ತೆ ಶುರು.

ಇಷ್ಟಾದರೂ ಬದುಕು ಹೇಗೋ ನಡೆಯುತ್ತಿತ್ತು. ಹೊಟ್ಟೆಗೆ ಬೆಂಕಿ ಬಿದ್ದದ್ದು ಓರಗಿತ್ತಿಯಿಂದ. ಮೈದುನನ ಹೆಂಡತಿ, ವಯಸ್ಸಿನಲ್ಲಿ ಏಳು ವರ್ಷ ಚಿಕ್ಕವಳು. ಮನೆಯಲ್ಲಿ ಸುಮ್ಮನೆ ಕೂತಿದ್ದಾಳಲ್ಲ ಎಂದು ಲ್ಯಾಬಿಗೆ ಕರೆತಂದವಳು ದವಡೆ ಅಕ್ಕನೇ. ಮೇಣ ಕಾಯಿಸುವುದು, ಅಚ್ಚು ತೆಗೆಯುವುದು, ಹಲ್ಲಿನ ಬಣ್ಣ ಹೊಂದಿಸುವುದು, ಎಲ್ಲವನ್ನೂ ಕೈ ಹಿಡಿದು ಕಲಿಸಿದಳು. ಎರಡೇ ವರ್ಷ. ಓರಗಿತ್ತಿ ಮುಂದಿನ ಹಲ್ಲು ಕೂರಿಸತೊಡಗಿದಳು, ಡಾಕ್ಟರುಗಳು ಫೋನಿನಲ್ಲಿ ಅವಳನ್ನೇ ಕೇಳತೊಡಗಿದರು. ಬೆಳಿಗ್ಗೆ ಅವಳು ಒಳಗೆ ಬಂದರೆ ಕೋಣೆಗೆ ದೀಪ ಹಾಕಿದಂತಾಗುತ್ತಿತ್ತು. ದವಡೆ ಅಕ್ಕನಿಗೆ ಸಹಿಸಲಾಗದ್ದು ಅದೇ ದೀಪ. ಅವಳು ಗುನುಗುವುದು, ಕೂದಲನ್ನು ಪೆನ್ಸಿಲ್ಲಿನಿಂದ ಗಂಟು ಕಟ್ಟುವುದು, ತಪ್ಪಾದರೆ "ಹೋಗ್ಲಿ ಬಿಡು, ಇನ್ನೊಂದು ಸಲ" ಎಂದು ಮೇಣವನ್ನೇ ಮಾತಾಡಿಸುವುದು. ಎಷ್ಟು ಸಲೀಸು! ತಪ್ಪಿಗೂ ಅವಳಲ್ಲಿ ಮರ್ಯಾದೆ.

ಇದಕ್ಕಿಂತ ಉರಿಸುತ್ತಿದ್ದದ್ದು ಇನ್ನೊಂದು: ಓರಗಿತ್ತಿಯ ಪೆಟ್ಟಿಗೆಗಳು ತಿದ್ದುಪಡಿಗೆಂದು ವಾಪಸ್ಸು ಬರುತ್ತಿರಲಿಲ್ಲ.

ಅಲ್ಲಿನ ಪದ್ಧತಿ ಹೀಗಿತ್ತು. ಮೇಣದಲ್ಲಿ ಕೂರಿಸಿದ ಹಲ್ಲಿನ ಸೆಟ್ಟನ್ನು ಅಂಗೈಯಗಲದ ಸ್ಟೀಲು ಪೆಟ್ಟಿಗೆಯಲ್ಲಿಟ್ಟು, ರೋಗಿಯ ಬಾಯಿಗೆ ಇಟ್ಟು ನೋಡಲೆಂದು ಡಾಕ್ಟರಿಗೆ ಕಳಿಸಬೇಕು. ಪೆಟ್ಟಿಗೆಯ ತಳಕ್ಕೆ ನಂಬರು, ಮುಚ್ಚಳದ ಒಳಗೆ ಕೆಲಸ ಮಾಡಿದವರ ಚೀಟಿ. ಸರಿಯಿದ್ದರೆ ಡಾಕ್ಟರು ಚೀಟಿಯ ಮೇಲೆ ಕೆಂಪಿನಲ್ಲಿ ಗೀಟು ಎಳೆಯುತ್ತಿದ್ದರು, ಇಲ್ಲದಿದ್ದರೆ ತಿದ್ದುವುದನ್ನು ಬರೆಯುತ್ತಿದ್ದರು. ದವಡೆ ಅಕ್ಕ ತನ್ನ ಚೀಟಿಯಲ್ಲಿ ಹನ್ನೊಂದು ವರ್ಷದಿಂದ ಬರೆಯುತ್ತಿದ್ದದ್ದು ಒಂದೇ ಸಾಲು: "ಸ್ವಲ್ಪ ಸೊಟ್ಟ ಇರಬಹುದು, ದಯವಿಟ್ಟು ಕ್ಷಮಿಸಿ." ಅದು ಅವಳಿಗೆ ವಿನಯ. ಬೈಯುವವರಿಗಿಂತ ಮುಂಚೆ ತಾನೇ ಬೈದುಕೊಂಡರೆ ಏಟು ಹಗುರ ಎಂಬ ಲೆಕ್ಕ. ಅವಳ ಪೆಟ್ಟಿಗೆಗಳಲ್ಲಿ ಮೂರಕ್ಕೊಂದು ತಿದ್ದುಪಡಿಗೆ ಮರಳುತ್ತಿತ್ತು. ಮರಳಿದಾಗಲೆಲ್ಲ ದನಿ ಚಪ್ಪಾಳೆ ತಟ್ಟುತ್ತಿತ್ತು: "ನಾನು ಹೇಳಲಿಲ್ವಾ?"

ಆ ವರ್ಷ ಕಿಟಕಿ ಪಕ್ಕದ ಮೇಜು ಖಾಲಿಯಾಯಿತು. ಮುಂದಿನ ಹಲ್ಲಿನ ಹಳೆಯ ಕೆಲಸಗಾರ್ತಿ, ಎಲ್ಲರ ಕನ್ನಡಕದಜ್ಜಿ, ಕಣ್ಣು ಮಂಜಾಗಿ ಕೆಲಸ ಬಿಟ್ಟರು. ಇಡೀ ಲ್ಯಾಬಿನಲ್ಲಿ ಹಗಲ ಬೆಳಕು ನೇರವಾಗಿ ಬೀಳುವ ಮೇಜು ಅದೊಂದೇ. ಯಜಮಾನರು ಇಬ್ಬರನ್ನೂ ಕರೆದರು.

"ಮುಂದಿನ ಆರು ಹಲ್ಲು, ಇಬ್ಬರೂ ಒಂದೊಂದು ಸೆಟ್ ಮಾಡಿ. ಮೂಲೆ ಕ್ಲಿನಿಕ್ಕಿನ ಡಾಕ್ಟರಮ್ಮನಿಗೆ ಕಳಿಸೋಣ. ಯಾರದ್ದು ತಿದ್ದುಪಡಿ ಇಲ್ಲದೆ ಬರುತ್ತೋ ಅವರಿಗೆ ಮೇಜು."

"ನನಗ್ಯಾಕೆ ಸರ್? ಅವಳಿಗೇ ಕೊಟ್ಟುಬಿಡಿ," ಎಂದಳು ದವಡೆ ಅಕ್ಕ.

"ಮಾಡು ಅಂದ್ರೆ ಮಾಡಮ್ಮ."

ಬೇಡ ಎಂದವಳು ಬೆಂದುಹೋಗುವಷ್ಟು ಆ ಮೇಜನ್ನು ಬಯಸಿದ್ದಳು. ಹನ್ನೊಂದು ವರ್ಷ ಟ್ಯೂಬ್‌ಲೈಟಿನ ಕೆಳಗೆ ಕೂತವಳಿಗೆ ಕಿಟಕಿ ಎಂದರೆ ಏನೆಂದು ಯಾರಿಗೆ ಗೊತ್ತು? ಮೂರು ದಿನ ಉಸಿರು ಬಿಗಿಹಿಡಿದು ಕೂರಿಸಿದಳು. ಕೋರೆಹಲ್ಲನ್ನು ಕೂದಲೆಳೆಯಷ್ಟು ಹೊರಳಿಸಿ, ಮತ್ತೆ ಒಳಗೆ ತಂದು, ಮತ್ತೆ ಹೊರಳಿಸಿ. ಮುಗಿದ ಮೇಲೆ ಚೀಟಿ ಬರೆದಳು. ಅದೇ ಸಾಲು.

ಮಧ್ಯಾಹ್ನ ಓರಗಿತ್ತಿ ಊಟದ ಡಬ್ಬಿ ತೊಳೆಯಲು ಹೋದಳು. ಅವಳ ಪೆಟ್ಟಿಗೆ ಅಲ್ಲೇ ಇತ್ತು. ನೋಡಬಾರದು ಎಂದುಕೊಳ್ಳುತ್ತಲೇ ದವಡೆ ಅಕ್ಕ ಮುಚ್ಚಳ ತೆಗೆದಳು. ಹೋಲಿಸಿ ನೋಡಲು ತನ್ನದನ್ನೂ ತೆಗೆದಳು. ಒಳಗಿನ ಹಲ್ಲುಗಳು ಅವಳನ್ನೇ ನೋಡಿ ನಕ್ಕಂತಿದ್ದವು. ಅಷ್ಟರಲ್ಲಿ ಕೆಳಗೆ ಪೆಟ್ಟಿಗೆ ಒಯ್ಯುವ ಸ್ಕೂಟರಿನವನ ಹಾರನ್ನು, ಕಾರಿಡಾರಿನಲ್ಲಿ ಓರಗಿತ್ತಿಯ ಚಪ್ಪಲಿ ಸದ್ದು. ಕೈಗೆ ಸಿಕ್ಕ ಮುಚ್ಚಳವನ್ನು ಕೈಗೆ ಸಿಕ್ಕ ಪೆಟ್ಟಿಗೆಗೆ ಒತ್ತಿ ಎದ್ದುಬಿಟ್ಟಳು.

"ಏನಕ್ಕಾ, ಮುಖ ಕೆಂಪಾಗಿದೆ?"

"ಸೆಕೆ ಕಣೇ."

ಎರಡು ದಿನದ ಮೇಲೆ ಯಜಮಾನರಿಗೆ ಫೋನು ಬಂತು. ಅವರು ಕೈಯಿಂದ ಫೋನು ಮುಚ್ಚಿ ಎಲ್ಲರೆದುರೇ ಹೇಳಿದರು: ಓರಗಿತ್ತಿಯ ಸೆಟ್ಟಿನಲ್ಲಿ ಎಡಗಡೆ ಹಲ್ಲು ಸೊಟ್ಟ, ತಿದ್ದಬೇಕು. ದವಡೆ ಅಕ್ಕನದ್ದು ಬಹಳ ಚೆನ್ನಾಗಿದೆ. "ಮುಂದಿನ ವಾರದಿಂದ ಕಿಟಕಿ ಹತ್ರ ಕೂತ್ಕೋ."

ಸುಳ್ಳೇಕೆ? ಆ ಕ್ಷಣ ದವಡೆ ಅಕ್ಕನಿಗೆ ತಾನು ಗೆದ್ದದ್ದಕ್ಕಿಂತ ಅವಳು ಬಿದ್ದದ್ದೇ ಸಿಹಿಯಾಗಿತ್ತು. ದೀಪ ಆರಿತಲ್ಲ, ಸದ್ಯ.

ಮರುದಿನ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆದದ್ದು ಎಂದಿನಂತೆ ಅವಳೇ. ಬಾಗಿಲ ಬಳಿ ಮರಳಿದ ಪೆಟ್ಟಿಗೆಗಳು. ಓರಗಿತ್ತಿಯ ನಂಬರಿನದನ್ನು ತೆರೆದರೆ ಮುಚ್ಚಳದೊಳಗೆ ಕಂಡದ್ದು ತನ್ನದೇ ಅಕ್ಷರ: "ಸ್ವಲ್ಪ ಸೊಟ್ಟ ಇರಬಹುದು, ದಯವಿಟ್ಟು ಕ್ಷಮಿಸಿ." ಕೆಳಗೆ ಕೆಂಪಿನಲ್ಲಿ: "ಹೌದು. ಎಡಗಡೆಯದು. ತಿದ್ದಿ." ತನ್ನ ಪೆಟ್ಟಿಗೆಯಲ್ಲಿ ಓರಗಿತ್ತಿಯ ದುಂಡಕ್ಷರ: "ಸೊಗಸಾಗಿ ಕೂತಿದೆ, ನೋಡಿ." ಅದರ ಕೆಳಗೆ: "ನಿಜ."

ಅವಳು ಸ್ಟೂಲು ಎಳೆದು ಕೂತಳು. ಓರಗಿತ್ತಿಯ ಸೆಟ್ಟಿಗೆ ಅಳತೆಪಟ್ಟಿ ಇಟ್ಟು ನೋಡಿದಳು, ಮೂರು ಸಲ. ಎಡಗಡೆ ಹಲ್ಲು ನೆಟ್ಟಗಿತ್ತು. ಹಾಗಾದರೆ ಇಷ್ಟು ವರ್ಷ ಮರಳಿದವು? ಅವುಗಳಲ್ಲಿ ಎಷ್ಟು ನಿಜಕ್ಕೂ ಸೊಟ್ಟ, ಎಷ್ಟು ತಾನೇ ಬೆರಳು ಮಾಡಿ ತೋರಿಸಿಕೊಟ್ಟದ್ದು? ಎರಡು ಚೀಟಿಗಳನ್ನೂ ಕಿತ್ತು ಪರ್ಸಿನೊಳಗೆ ತುರುಕಿದಳು. ಬಾಯಿ ಮುಚ್ಚಿಕೊಂಡಿದ್ದರೆ ಮೇಜು ತನ್ನದೇ. ಯಾರಿಗೆ ತಿಳಿಯಬೇಕು?

ತಿಳಿಯುತ್ತಿರಲಿಲ್ಲ, ಓರಗಿತ್ತಿ ಸುಮ್ಮನಿದ್ದಿದ್ದರೆ. ಅಂದು ಅವಳು ಗುನುಗಲಿಲ್ಲ. ಸೊಟ್ಟಗಿಲ್ಲದ ಹಲ್ಲನ್ನು ಕಿತ್ತು ಮತ್ತೆ ಕೂರಿಸಲು ಹೋಗಿ ನಿಜಕ್ಕೂ ಸೊಟ್ಟ ಮಾಡಿದಳು. ಚಾಕು ಕೆಳಗಿಟ್ಟು ಮೆಲ್ಲಗೆ ಅಂದಳು: "ನನ್ನ ಕೈಯೇ ಮೊಂಡು ಅನ್ಸುತ್ತೆ ಅಕ್ಕಾ. ಇಷ್ಟು ದಿನ ಏನೋ ಅದೃಷ್ಟ."

ದವಡೆ ಅಕ್ಕ ಕೈಯಲ್ಲಿದ್ದ ಮೇಣ ಕೆಳಗಿಟ್ಟಳು. ಆ ಮಾತು ತನ್ನದು, ಹಳೆಯ ಪರಿಚಯದ್ದು. ತನ್ನ ತಲೆಯೊಳಗೆ ಅದು ಯಾವಾಗಲೂ ಸತ್ಯದಂತೆ ಕೇಳುತ್ತಿತ್ತು. ಇನ್ನೊಬ್ಬರ ಬಾಯಲ್ಲಿ ಕೇಳಿದರೆ ಶುದ್ಧ ಸುಳ್ಳು. ಈ ಕೈಯನ್ನು ಯಾರಾದರೂ ಮೊಂಡು ಅನ್ನುತ್ತಾರಾ? ಇವಳನ್ನು ಕಂಡರೆ ಆಗದ ನಾನೂ ಅನ್ನಲಾರೆನಲ್ಲ! ಮಗಳು ಬಾಗಿಲಲ್ಲಿ ನಿಂತಿದ್ದು ನೆನಪಾಯಿತು. ಇದು ಹೀಗೇ ಹರಡುತ್ತದಾ, ನೆಗಡಿಯ ಹಾಗೆ?

ಅವಳು ಎದ್ದು ಯಜಮಾನರನ್ನು ಕರೆದಳು. ಚೀಟಿಗಳನ್ನು ಮೇಜಿನ ಮೇಲೆ ಇಟ್ಟಳು. ಮುಚ್ಚಳ ಬದಲಾದದ್ದನ್ನು ಹೇಳಿದಳು.

"ನನ್ನ ಪೆಟ್ಟಿಗೆ ಯಾಕೆ ತೆಗೆದೆ ಅಕ್ಕಾ?" ಓರಗಿತ್ತಿಯ ದನಿ ಗಟ್ಟಿಯಾಯಿತು.

"ಹೊಟ್ಟೆಕಿಚ್ಚು ಕಣೇ. ನೋಡದೆ ಇರೋಕಾಗಲಿಲ್ಲ."

"ಸರಿ, ನೋಡಿದೆಯಲ್ಲ. ಏನು ಕಂಡಿತು?"

"ನಿಂದು ಚೆನ್ನಾಗಿತ್ತು." ಮುಂದಿನ ಎರಡು ಪದ ಹೊರಡಲು ಹನ್ನೊಂದು ವರ್ಷದ ಬೇರು ಕೀಳಬೇಕಿತ್ತು. "ನಂದೂ ಚೆನ್ನಾಗಿತ್ತು."

ಯಜಮಾನರು ಆಗಲೇ ಡಾಕ್ಟರಮ್ಮನಿಗೆ ಫೋನು ಹಚ್ಚಿದ್ದರು. ಆ ಕಡೆಯಿಂದ ನಗು ಎಲ್ಲರಿಗೂ ಕೇಳಿಸಿತು. "ಸೊಟ್ಟ ಅಂತ ನೀವೇ ಬರೆದು ಕಳಿಸಿದ್ರಿ, ನಾನು ಹುಡುಕಿದೆ. ಹುಡುಕಿದರೆ ನನ್ನ ಸ್ವಂತ ಹಲ್ಲೂ ಸೊಟ್ಟನೇ ಸ್ವಾಮಿ!"

ಫೋನಿಟ್ಟು ಯಜಮಾನರು ತಲೆ ಕೆರೆದುಕೊಂಡರು. "ಇನ್ಮೇಲೆ ಮುಚ್ಚಳದಲ್ಲಿ ಯಾರ ಪುರಾಣವೂ ಬೇಡ. ನಂಬರು ಸಾಕು. ಅಲ್ಲಮ್ಮಾ, ನಿನಗೆ ಯಾರು ಹೇಳಿದ್ದು ಮುಂದಿನ ಹಲ್ಲು ಬರಲ್ಲ ಅಂತ?"

"ನೀವೇ ಸರ್. ದವಡೆಗೆ ಹೇಳಿ ಮಾಡಿಸಿದ ಕೈ ಅಂದ್ರಲ್ಲ."

"ನಾನಾ? ಯಾವಾಗ?" ಅವರಿಗೆ ನೆನಪೇ ಇರಲಿಲ್ಲ.

ಅವಳಿಗೆ ನಗು ಬಂತು, ಅಳುವೂ ಬಂತು. ಯಜಮಾನರು ಕಿಟಕಿಯ ಕಡೆ ನೋಡಿದರು. "ಈಗ ಮೇಜು ಯಾರಿಗೆ ಬೇಕು, ಹೇಳಿ."

ನಾಲಿಗೆಯ ತುದಿಗೆ ಹಳೆಯ ಸಾಲು ಬಂದು ಕೂತಿತ್ತು: ನನಗ್ಯಾಕೆ, ಅವಳಿಗೇ ಕೊಡಿ. ದವಡೆ ಅಕ್ಕ ಅದನ್ನು ಕಚ್ಚಿ ಹಿಡಿದಳು. "ನನಗೆ ಬೇಕು."

"ನನಗೂ ಬೇಕು," ಎಂದಳು ಓರಗಿತ್ತಿ ತಕ್ಷಣ.

"ಹಾಗಾದರೆ ತಿಂಗಳಿಗೊಬ್ಬರು. ಪೆಟ್ಟಿಗೆ ಕದ್ದು ನೋಡಿದವರಿಗೆ ಎರಡನೇ ಸರದಿ."

ಮುಂದಿನ ವಾರ ಓರಗಿತ್ತಿ ಕಿಟಕಿ ಬಳಿ ಕೂತಳು. ಮೂರು ದಿನ ಮಾತು ಬಿಟ್ಟಿದ್ದಳು, ನಾಲ್ಕನೇ ದಿನ ಮತ್ತೆ ಗುನುಗತೊಡಗಿದಳು. ಟ್ಯೂಬ್‌ಲೈಟಿನ ಕೆಳಗೆ ದವಡೆ ಅಕ್ಕ ಒಂದು ಮುಂದಿನ ಹಲ್ಲಿನ ಸೆಟ್ಟು ಹಿಡಿದಿದ್ದಳು. ಕೇಳಿ ಪಡೆದದ್ದು. ದನಿ ಹೋಗಿರಲಿಲ್ಲ, ಅಷ್ಟು ಸುಲಭಕ್ಕೆ ಹೋಗುವಂಥದ್ದೂ ಅಲ್ಲ. "ಮಂಕೇ" ಎಂದು ಅದು ಬಾಯಿ ತೆರೆದಾಗ ಅವಳು ಒಂದು ಉಪಾಯ ಹೂಡಿದ್ದಳು: ಇದನ್ನು ಓರಗಿತ್ತಿಯ ಮುಖಕ್ಕೆ ಹೇಳುತ್ತೇನಾ? ಇಲ್ಲ. ಮತ್ತೆ ಏನು ಹೇಳುತ್ತೇನೆ? "ಬಲಗಡೆ ಹಲ್ಲು ಅರ್ಧ ಮಿಲಿಮೀಟರ್ ಹೊರಗಿದೆ, ಒಳಗೆ ತಳ್ಳು." ಅಷ್ಟೇ. ತಳ್ಳಿದಳು. ಕೆಲವು ಸಲ ಉಪಾಯ ಮರೆತು ಬೈದುಕೊಂಡೂ ಬಿಡುತ್ತಿದ್ದಳು.

ಐದನೇ ದಿನ ನಾಲ್ಕು ಗಂಟೆಗೆ ಸ್ಕೂಟರಿನ ಹಾರನ್ನು. ಪೆನ್ನು ಕೈಗೆ ತಾನೇ ಬಂತು. ಖಾಲಿ ಮುಚ್ಚಳ ಬೆತ್ತಲೆ ನಿಂತ ಹಾಗೆ ಕಾಣುತ್ತಿತ್ತು. ಪೆನ್ನನ್ನು ಕೂದಲಿನ ಗಂಟಿಗೆ ಸಿಕ್ಕಿಸಿ ಮುಚ್ಚಳ ಒತ್ತಿದಳು. ತಲೆಯೆತ್ತಿದರೆ ಓರಗಿತ್ತಿಯ ಭುಜದ ಮೇಲೆ ಬಿಸಿಲು ಹಾಯಾಗಿ ಕೂತಿತ್ತು.

"ಏನಕ್ಕಾ, ಹಾಗೆ ನೋಡ್ತೀಯ?"

"ಹೊಟ್ಟೆ ಉರೀತಿದೆ."

"ಉರೀಲಿ ಬಿಡು. ಇನ್ನೂ ಇಪ್ಪತ್ತಾರು ದಿನ ಇದೆ."

"ಇಪ್ಪತ್ತೈದು," ಎಂದಳು ದವಡೆ ಅಕ್ಕ. "ಇವತ್ತಿಂದು ಮುಗೀತಲ್ಲ."