ಹಸಿರು ಸಸಿಯೊಳಗಿನ ವೈರಸ್ ಹಿಡಿಯುವ ಪಕೀರಮ್ಮ

ಸಾಲಗುಂದದಲ್ಲಿ ಇನ್ನೂ ನಸುಕು. ಭತ್ತದ ಸಸಿಮಡಿಯ ಬದುವಿನ ಮೇಲೆ ಕುಕ್ಕರಗಾಲಲ್ಲಿ ಕೂತ ಪಕೀರಮ್ಮ ಒಂದು ಸಸಿ ಕೀಳುತ್ತಾಳೆ, ಇಬ್ಬನಿ ಒರೆಸುತ್ತಾಳೆ, ಬ್ಲೇಡಿನಿಂದ ಬುಡ ಕೊಯ್ದು ಆ ತುದಿಯನ್ನು ಅಂಗೈಯಗಲದ ಬಿಳಿ ಹಾಳೆಯ ಒಂದು ಚೌಕದೊಳಗೆ ಒತ್ತುತ್ತಾಳೆ. ಬ್ಲೇಡು ಒರೆಸಿಕೊಂಡು ಮುಂದಿನ ಸಸಿಗೆ ಕೈ ಚಾಚುತ್ತಾಳೆ.

"ರೊಟ್ಟಿ ಬಡದಂಗ ಬಡದ್ರ ಕೆಡತೈತ್ರಿ. ಕೂಸಿನ ಹಣಿಗೆ ಬೊಟ್ಟು ಇಡ್ತೀವಲ್ಲ, ಹಂಗ ಇಡಬೇಕು."

ಹಾಳೆ ಕಾಗದದಂತೆ ಕಂಡರೂ ಕಾಗದವಲ್ಲ, ಪಾಲಿಮರ್. ಸಸಿಯ ರಸದಲ್ಲಿ ಭತ್ತವನ್ನು ಹಳದಿಗಟ್ಟಿಸಿ ಕುಗ್ಗಿಸುವ ಟುಂಗ್ರೋ ರೋಗದ ವೈರಸ್ ಇದ್ದರೆ ಅದು ಹಾಳೆಯ ಕಣ್ಣಿಗೆ ಕಾಣದ ರಂಧ್ರಗಳಲ್ಲಿ ಸಿಕ್ಕಿಬೀಳುತ್ತದೆ. ಸಿಂಧನೂರಿನ ಪ್ರಯೋಗಾಲಯದಲ್ಲಿ ಔಷಧಿ ಹಾಕಿದಾಗ ಆ ಚೌಕ ನೇರಳೆಯಾಗುತ್ತದೆ; ವೈರಸ್ ಇಲ್ಲದಿದ್ದರೆ ಬಿಳಿಯಾಗೇ ಉಳಿಯುತ್ತದೆ. ಹಸಿರಾಗಿ ಕಾಣುವ ಸಸಿಯಲ್ಲೂ ರೋಗ ಅಡಗಿರಬಹುದು; ಅದಕ್ಕೇ ನಾಟಿಗೆ ಮೊದಲು ಈ ಪರೀಕ್ಷೆ. ಹತ್ತಿ ಬಿಡಿಸುವ ಕೂಲಿಗೆ ಹೋಗುತ್ತಿದ್ದ ಪಕೀರಮ್ಮ ಈ ಕೆಲಸಕ್ಕೆ ಬಂದದ್ದು 1992ರಲ್ಲಿ. ಈಗ ದಿನಕ್ಕೆ ಮೂರು ಮಡಿ ಮುಗಿಸುತ್ತಾಳೆ.

ಹೋದ ವರ್ಷ ಮೈದುನ ಕನಕರಾಯನ ಮಡಿಗೆ ಬಂದಾಗ ಮಾತ್ರ ಕೈ ತಡೆಯಿತು. ಕಾಲುವೆಗೆ ನೀರು ಬಿಟ್ಟಾಗಿತ್ತು, ಹೊಸ ಮಡಿ ಬೆಳೆಸುವಷ್ಟು ದಿನ ಉಳಿದಿರಲಿಲ್ಲ.

"ಅತ್ತಿಗಿ, ಅಂಚಿನ ಬಡಕಲು ಸಸಿ ಯಾಕ ಕೀಳ್ತೀರಿ? ನಡುವಿನವು ಒತ್ರಿ. ನಮ್ಮ ಮನಿ ಮಡಿ ಐತಿ," ಎಂದ ಅವನು.

"ರೋಗಕ್ಕ ಬೀಗತನ ಗೊತ್ತೇನಲೇ?" ಎಂದ ಪಕೀರಮ್ಮ ಅಂಚಿನವನ್ನೂ ಒತ್ತಿದಳು, ನಡುವಿನವನ್ನೂ ಒತ್ತಿದಳು.

ಎರಡರಲ್ಲೂ ನೇರಳೆ ಬಂತು. ರೋಗ ಹರಡದಂತೆ ಮಡಿಯನ್ನು ಉತ್ತು ಮಗುಚಬೇಕಾಯಿತು. "ಹೊರಗಿನಾಕಿನೂ ಇಷ್ಟು ಬಿಗಿ ಮಾಡ್ತಿರಲಿಲ್ಲ, ಮಡಿ ಉಳೀತಿತ್ತು," ಎಂದು ಕನಕರಾಯ ಅವಳೊಂದಿಗೆ ಮಾತು ಬಿಟ್ಟ. ನೀರಿತ್ತು, ಸಸಿ ಇರಲಿಲ್ಲ. ಅವನ ಗದ್ದೆ ಬೀಳು ಬೀಳುವುದರಲ್ಲಿತ್ತು.

ಈ ಊರಲ್ಲಿ ನಾಟಿ ಮುಗಿದು ಮಿಕ್ಕ ಸಸಿಯನ್ನು ಮಾರುವುದಿಲ್ಲ, ಕೇಳಿದವರಿಗೆ ಕೊಡುತ್ತಾರೆ. ತನ್ನ ಹಾಳೆಯಲ್ಲಿ ಬಿಳಿ ಬಂದ ಮಡಿಗಳವರ ಮನೆಗಷ್ಟೇ ಹೋಗಿ ಪಕೀರಮ್ಮ ಸೆರಗೊಡ್ಡಿದಳು. ಅವರಲ್ಲೊಬ್ಬಳಾದ ಹುಸೇನಮ್ಮ ಮೊದಲ ಕಟ್ಟನ್ನು ತಾನೇ ಹೊತ್ತು ತಂದು ಕನಕರಾಯನ ಬದುವಿನ ಮೇಲಿಟ್ಟಳು. ಉಳಿದದ್ದನ್ನು ಸಾಗಿಸಲು ಊರಿನ ಪೀರ್‌ಸಾಬ್ ತನ್ನ ಬಂಡಿ ಕೊಟ್ಟ. ತಡವಾದರೂ ಗದ್ದೆ ತುಂಬಿತು. ಅಕ್ಕಪಕ್ಕದ ಗದ್ದೆಗಳಿಗೂ ರೋಗ ತಗಲಲಿಲ್ಲ.

ಈ ವರ್ಷ ಅವಳನ್ನು ಎಲ್ಲರಿಗಿಂತ ಮೊದಲು ಕರೆದವನು ಕನಕರಾಯನೇ. ಇಂದು ಅವನ ಮಡಿಯದೇ ಸರದಿ. ಬಿಸಿಲೇರುತ್ತಿದ್ದಂತೆ ಅವನು ಹೆಗಲ ಟವೆಲ್ಲು ಬಿಡಿಸಿ ಹಾಳೆಗೆ ನೆರಳು ಹಿಡಿದು ನಿಲ್ಲುತ್ತಾನೆ.

"ಅತ್ತಿಗಿ ಒತ್ತಿದ ಮಡಿ ಐತಿ, ಬೇಕಾದವ್ರು ಸಸಿ ಒಯ್ರಿ ಅಂತ ಊರಾಗೆಲ್ಲ ಹೇಳ್ತೀನಿ," ಎನ್ನುತ್ತಾನೆ.

ಪಕೀರಮ್ಮ ಚೌಕದಿಂದ ಕಣ್ಣು ಕೀಳುವುದಿಲ್ಲ. "ಈಗ್ಯಾಕ? ಹಾಳಿ ಬಿಳೀದು ಬಂದ ಮ್ಯಾಲ ಹೇಳು. ನೇರಳಿ ಬಂದ್ರ, ಅದನ್ನೂ ನೀನ ಹೇಳಬೇಕು."