ನೀಲಿಯನ್ನು ಗೆದ್ದವನು ಹಿಂಬಾಗಿಲಲ್ಲಿ ಕೂತದ್ದು

ಪ್ರಯೋಗಾಲಯದ ಸಹಾಯಕ ಹುಳಿಯಣ್ಣನದು ಜೀವಮಾನದ ಮಹಾಯುದ್ಧ. ಪ್ರೋಟೀನ್ ಪರೀಕ್ಷೆಗೆಂದು ನೀಲಿ ಬಣ್ಣದಲ್ಲಿ ಅದ್ದಿದ ಜೆಲ್ ಹಾಳೆಗಳನ್ನು ವಿನೆಗರಿನಂತೆ ನಾರುವ ಆಸಿಟಿಕ್ ಆಮ್ಲದಲ್ಲಿ ತೊಳೆದರೆ, ಬೇಡದ ನೀಲಿ ಸೋತು ಓಡಿ ಪ್ರೋಟೀನಿನ ಗೆರೆಗಳಷ್ಟೇ ಉಳಿಯುತ್ತಿದ್ದವು. ಗೆರೆಗಳು ವಿಜ್ಞಾನಿಗಳ ಪಾಲಾದವು. ಯಾವ ಸೋಪಿಗೂ ಜಗ್ಗದ ಹುಳಿ ವಾಸನೆ ಇವನ ಪಾಲಾಯಿತು.

ಗಂಡಿನ ಕಡೆಯವರು ನೋಡಲು ಬರುವ ದಿನ ಮಗಳೇ ಮೂಗು ಮುಚ್ಚಿಕೊಂಡಳು. "ಅಪ್ಪಾ, ಅವರು ಹೋಗೋವರೆಗೂ ಹಿಂಬಾಗಿಲ ಮೆಟ್ಟಿಲ ಮೇಲಿರು. ಊರಲ್ಲಿಲ್ಲ ಅಂತೀನಿ. ಈ ಸಂಬಂಧ ತಪ್ಪಬಾರದು."

ಯುದ್ಧವೀರ ತೆಪ್ಪಗೆ ಹೋಗಿ ಕೂತ. ಸ್ವಲ್ಪ ಹೊತ್ತಿಗೆ, ಮೈಯೆಲ್ಲ ಡೀಸೆಲ್ ನಾರುತ್ತಿದ್ದ ಒಬ್ಬ ಮುದುಕ ಮನೆ ಸುತ್ತಿಕೊಂಡು ಅಲ್ಲಿಗೇ ಬಂದ.

"ಯಾರು ಬೇಕಿತ್ತು?"

"ಯಾರೂ ಬೇಡ. ಗಂಡಿನ ಅಪ್ಪ ನಾನು, ಮೆಕ್ಯಾನಿಕ್. ವ್ಯಾನ್ ಓಡಿಸ್ಕೊಂಡು ಬಂದಿದ್ದೂ ನಾನೇ. ಆದ್ರೆ ಮಗ ಒಳಗಡೆ, ಅಪ್ಪ ಊರಲ್ಲಿಲ್ಲ ಅಂದಿದಾನೆ."

ಹುಳಿಯಣ್ಣ ಸರಿದು ಜಾಗ ಬಿಟ್ಟ.

"ಕೂತ್ಕೊಳ್ಳಿ ಬೀಗರೇ. ನಾನೂ ಊರಲ್ಲಿಲ್ಲ."